ನಾಲ್ಕು ತಾಲ್ಲೂಕಿನ ಸ್ವಂತ ಊರು

ಮೆಥೋಡಿಸ್ಟ್ ಅಯ್ಯನವರ ಮನೆತನದವರನ್ನು ‘ನಿಮ್ಮ ಸ್ವಂತ ಊರು ಯಾವುದು?’ ಎಂದು ಕೇಳಿ ನೋಡಿ. ಉತ್ತರಕ್ಕಿಂತ ಮೊದಲು ಒಂದು ನಗು ಬರುತ್ತದೆ. ಅಪ್ಪ ಹುಟ್ಟಿದ್ದು ಮಾಲೂರು, ದೊಡ್ಡಪ್ಪ ಮುಳಬಾಗಿಲು, ಅತ್ತೆಗೆ ದೀಕ್ಷಾಸ್ನಾನವಾದದ್ದು ಶ್ರೀನಿವಾಸಪುರ, ತಾತನನ್ನು ಮಣ್ಣು ಮಾಡಿದ್ದು ಕೋಲಾರ. ಇದರಲ್ಲಿ ಸ್ವಂತದ್ದು ಯಾವುದೆಂದು ಕೇಳಿದವರೇ ಹೇಳಬೇಕು.

ಕಾರಣ ಆ ಸಭೆಯ ಕಟ್ಟಳೆಯಲ್ಲೇ ಇದೆ. ಮೆಥೋಡಿಸ್ಟರಲ್ಲಿ ಅಯ್ಯನವರನ್ನು, ಅಂದರೆ ಪಾಸ್ಟರನ್ನು, ಊರಿನವರು ಆರಿಸಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಕಾನ್ಫರೆನ್ಸ್ ಕೂಡುತ್ತದೆ, ಅದರ ಕೊನೆಗೆ ಯಾರು ಯಾವ ಊರಿಗೆ ಎಂಬ ಪಟ್ಟಿಯನ್ನು ಬಿಷಪ್ಪರು ಓದುತ್ತಾರೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುದುರೆಯ ಮೇಲೆ ಊರೂರು ಸುತ್ತಿ ಬೋಧಿಸಿದ ಜಾನ್ ವೆಸ್ಲಿಯ ಕಾಲದಿಂದ ಇಳಿದುಬಂದ ಪದ್ಧತಿ ಇದು. ಪಟ್ಟಿಯಲ್ಲಿ ಹೆಸರು ಬಂದಮೇಲೆ ಗಂಟುಮೂಟೆ ಕಟ್ಟಲೇಬೇಕು. ಒಂದೊಂದು ಮಗು ಒಂದೊಂದು ಊರಿನ ಪಾರ್ಸನೇಜಿನಲ್ಲಿ, ಅಂದರೆ ಸಭೆ ಅಯ್ಯನವರಿಗೆ ಕೊಟ್ಟ ಮನೆಯಲ್ಲಿ, ಹುಟ್ಟಿತು. ಕೈಗೆ ದಕ್ಕದ ಮಕ್ಕಳು ಆಯಾ ಊರಿನ ಸಮಾಧಿ ಭೂಮಿಯಲ್ಲೇ ಉಳಿದವು. ತಾಯಿ ತಂದೆ ಮುಂದಿನ ಊರಿಗೆ ಹೊರಟರು. ಮಿಷನ್ ಶಾಲೆಯ ಮೇಷ್ಟರು, ಸುವಾರ್ತಿಕರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ಸ್ತ್ರೀಯರು, ಇವರ ಸಂಸಾರದ ಕಥೆಯೂ ಹೆಚ್ಚುಕಡಿಮೆ ಇದೇ.

ಹಾಗಾಗಿ ಇಂಥ ಮನೆಯವರು ಬೇಸಿಗೆ ರಜೆಯಲ್ಲಿ ಹಿರಿಯರ ಊರು ನೋಡಲು ಹೊರಟರೆ ಅದು ಒಂದು ಊರಿಗೆ ಮುಗಿಯುವ ಮಾತಲ್ಲ. ಬೆಂಗಳೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಕೋಲಾರ, ಮುಂದೆ ಸುಮಾರು 30 ಕಿ.ಮೀ. ಹೋದರೆ ಮುಳಬಾಗಿಲು, ಅಲ್ಲಿಂದ ಮಾವಿನ ತೋಪುಗಳ ನಡುವೆ ಶ್ರೀನಿವಾಸಪುರ, ವಾಪಸು ಬರುವಾಗ ಮಾಲೂರು. ನಕ್ಷೆ ನೋಡಿದರೆ ಒಂದೇ ದಿನದಲ್ಲಿ ಆಗಿಬಿಡುತ್ತದೆ ಎನಿಸುತ್ತದೆ. ಆಗುವುದಿಲ್ಲ. ಚರ್ಚಿನ ಬೀಗದ ಕೈ ಯಾರದೋ ಮನೆಯಲ್ಲಿರುತ್ತದೆ, ಆ ಮನೆಯವರು ಯಾವುದೋ ಮದುವೆಗೆ ಹೋಗಿರುತ್ತಾರೆ. ಅತ್ತೆ ತೋರಿಸಿದ ಗೋರಿಗೂ ಚಿಕ್ಕಪ್ಪ ತೋರಿಸಿದ ಗೋರಿಗೂ ಹತ್ತು ಮಾರು ಅಂತರವಿದ್ದು, ಅಲ್ಲೇ ಬಿಸಿಲಿನಲ್ಲಿ ನಿಂತು ವಾದ ನಡೆಯುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆ ಮುಳಬಾಗಿಲು ಎಂದರೆ ದೋಸೆ ಅಷ್ಟೇ. ಅವರನ್ನೂ ತಪ್ಪು ಹೇಳುವಂತಿಲ್ಲ, ಆ ದೋಸೆ ಹಾಗೇ ಇದೆ.

ಈ ಮನೆತನಗಳ ಕಥೆಯನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ಹಲವು ಸಲ ಅದು ಒಂದೇ ಕಡೆ ಬಂದು ತಟ್ಟನೆ ನಿಲ್ಲುತ್ತದೆ. ಧಾತು ಈಶ್ವರದ ಬರ. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮಳೆ ಕೈಕೊಟ್ಟು ಮೈಸೂರು ಸೀಮೆ ಬರಿದಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು. ಆ ಹತ್ತು ವರ್ಷದಲ್ಲಿ ಸಹಜವಾಗಿ ಏರಬೇಕಿದ್ದ ಲೆಕ್ಕವನ್ನೂ ಸೇರಿಸಿಕೊಂಡರೆ ಹೋದ ಜೀವಗಳ ಅಂದಾಜು 10 ಲಕ್ಷ ಮುಟ್ಟುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೆರೆಗಳನ್ನೇ ನಂಬಿದ್ದ ಕೋಲಾರ ಸೀಮೆಯಲ್ಲಿ ಕೆರೆ ಒಣಗಿದರೆ ಬದುಕು ಒಣಗಿದಂತೆಯೇ.

ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಮಹಿಳೆ ಇದ್ದರು. ಮೊದಲು ಲಂಡನ್ ಮಿಷನ್ನಿನಲ್ಲಿದ್ದು, ಆಮೇಲೆ ಸ್ವತಂತ್ರವಾಗಿ ಕೆಲಸಕ್ಕೆ ನಿಂತವರು. ಬರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಅನಾಥಾಲಯ ನಡೆಸಿದರು. 1890ರಲ್ಲಿ ಅದು ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಕೈಗೆ ಬಂತು. ಆ ಮಿಷನ್ನಿನ ಮಹಿಳಾ ಸಂಘದವರು 1910ರ ಹೊತ್ತಿಗೆ ಕಟ್ಟಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಇವತ್ತಿಗೂ ಕೋಲಾರದ ಬಾಯಲ್ಲಿ ‘ಇಟಿಸಿಎಂ’. ಆಸ್ಪತ್ರೆಯ ಪೂರ್ತಿ ಹೆಸರು ಗೊತ್ತಿಲ್ಲದವರಿಗೂ ಇಟಿಸಿಎಂ ಸರ್ಕಲ್ ಗೊತ್ತು. ಅಲ್ಲಿ ಹುಟ್ಟಿದವರಲ್ಲಿ ಎಲ್ಲ ಜಾತಿಯವರೂ ಎಲ್ಲ ಮತದವರೂ ಇದ್ದಾರೆ.

ಬರದ ಮಕ್ಕಳ ವಿಷಯಕ್ಕೆ ಬರೋಣ. ಐದಾರು ವರ್ಷದ ಮಗು. ಅಪ್ಪ ಅಮ್ಮ ದಾರಿಯಲ್ಲಿ ಬಿದ್ದುಹೋಗಿದ್ದಾರೆ. ಯಾವ ಊರು ಎಂದು ಕೇಳಿದರೆ ‘ಕೆರೆ ಹತ್ತಿರ’ ಎನ್ನುತ್ತದೆ. ಆ ಜಿಲ್ಲೆಯಲ್ಲಿ ಕೆರೆ ಇಲ್ಲದ ಊರು ಎಲ್ಲಿದೆ? ಅಪ್ಪನ ಹೆಸರು ಕೇಳಿದರೆ ‘ಅಪ್ಪ’. ಇಂಥ ಮಿಷನ್ ಆಶ್ರಮಗಳಲ್ಲಿ ಆ ಮಗುವಿಗೆ ಹೊಸ ಹೆಸರಿಟ್ಟರು. ಸತ್ಯವೇದದ ಹೆಸರು, ಇಲ್ಲವೇ ಜೀವರತ್ನ, ಸಂತೋಷಮ್ಮ, ಕರುಣಮ್ಮನಂಥ ನಮ್ಮದೇ ಹೆಸರು. ಓದಿಸಿದರು, ಕೆಲಸ ಕಲಿಸಿದರು, ಬೆಳೆದ ಮೇಲೆ ಅಲ್ಲೇ ಬೆಳೆದವರೊಡನೆ ಮದುವೆ ಮಾಡಿಸಿದರು. ಗಂಡನಿಗೂ ಹಿಂದು ಮುಂದಿಲ್ಲ, ಹೆಂಡತಿಗೂ ಇಲ್ಲ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲೋ ಮೆಲ್ಬರ್ನಿನಲ್ಲೋ ಕೂತು ವಂಶವೃಕ್ಷ ಬರೆಯಲು ಹೊರಟರೆ ಬೇರು ಮಿಷನ್ ಕಾಂಪೌಂಡಿನ ಗೋಡೆಗೆ ಬಂದು ನಿಂತುಬಿಡುತ್ತದೆ.

ನಮ್ಮ ನಾಡಿನಲ್ಲಿ ಮಿಕ್ಕವರಿಗೆ ಈ ಕಷ್ಟ ಇಷ್ಟಿಲ್ಲ. ಊರು ಮರೆತರೂ ಮನೆದೇವರು ನೆನಪಿರುತ್ತದೆ. ಈ ಕಡೆಯ ತೆಲುಗು ಮನೆಮಾತಿನವರಿಗೆ ಇಂಟಿಪೇರು, ಅಂದರೆ ಮನೆತನದ ಹೆಸರು, ಇರುತ್ತದೆ. ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುವಾಗ ಎರಡು ಮೂರು ತಲೆಯ ಹೆಸರಾದರೂ ನಾಲಗೆಯ ಮೇಲೆ ಬರುತ್ತದೆ. ಬರದ ಅನಾಥ ಮಗುವಿಗೆ ಈ ಮೂರೂ ಒಂದೇ ವರ್ಷದಲ್ಲಿ ಹೋದವು. ಗಂಜಿಯ ಆಸೆಗೆ ಮತ ಬಿಟ್ಟವರು ಎಂದು ಈ ಮನೆತನಗಳನ್ನು ಹಂಗಿಸುವ ಮಾತು ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಬಿಡಲು ಬಿಡದಿರಲು ಐದು ವರ್ಷದ ಕೂಸಿಗೆ ಏನು ತಿಳಿದಿತ್ತು? ಹಾಗೆಂದು ಮಿಷನ್ನಿನವರು ಮಾಡಿದ್ದೆಲ್ಲ ಸರಿ ಎನ್ನಬೇಕಿಲ್ಲ. ಆ ಮಗುವಿನ ಮೊದಲ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಅನ್ನ ಕೊಟ್ಟು ಉಳಿಸಿದರು, ನಿಜ. ಹೆಸರು ಅಳಿಸಿದರು, ಅದೂ ನಿಜ.

ಅದಕ್ಕೇ ನನಗೆ ಅನಿಸುವುದು, ಈ ಮನೆತನಗಳಿಗೆ ಮೂಲಮನೆ ಎಂದರೆ ಆ ಕಾಂಪೌಂಡೇ, ಕುಲದ ಪಟ್ಟಿ ಎಂದರೆ ಚರ್ಚಿನ ರಿಜಿಸ್ಟರೇ. ಯಾರೂ ತಲೆತಗ್ಗಿಸಬೇಕಾದ ಮೂಲವಲ್ಲ ಅದು. ತೊಟ್ಟಿಮನೆ, ಹೊಸ್ತಿಲು, ಅಜ್ಜನ ಉಯ್ಯಾಲೆ ಹುಡುಕಿಕೊಂಡು ಹೋಗುವವರಿಗೆ ಅಲ್ಲಿ ಸಿಗುವುದು ಸಾಲುಮನೆ, ಹೆಂಚಿನ ಶಾಲೆ, ಯಾರದೋ ಹೆಸರಿಗಿರುವ ಆಸ್ತಿ. ಅಯ್ಯನವರ ಮನೆತನಕ್ಕಂತೂ ಅಜ್ಜ ಬಾಳಿದ ಮನೆ ಎಂದೂ ಅಜ್ಜನದ್ದಾಗಿರಲಿಲ್ಲ. ಇಂದು ಹೋಗಿ ತಟ್ಟಿದರೆ ಬಾಗಿಲು ತೆರೆಯುವವರು ಈಗಿನ ಅಯ್ಯನವರ ಮನೆಯವರು. ‘ನಮ್ಮಪ್ಪ ಈ ರೂಮಿನಲ್ಲಿ ಹುಟ್ಟಿದರಂತೆ’ ಎಂದರೆ ಪಾಪ, ಒಳಗೆ ಕರೆದು ಕಾಫಿ ಕೊಡುತ್ತಾರೆ.

ಮನೆ ತಮ್ಮದಲ್ಲದವರಿಗೆ ಉಳಿಯುವುದು ಗೋರಿ. ಕೋಲಾರದ ನೆಲಕ್ಕೆ ಗೋರಿಗಳೇನೂ ಹೊಸತಲ್ಲ. ಊರೊಳಗೇ ಹೈದರಾಲಿಯ ತಂದೆ ಫತೇ ಮುಹಮ್ಮದನ ಮಖ್ಬರಾ ಇದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಅವನ ದೇಹವನ್ನು ಮೊದಲು ತಂದಿರಿಸಿದ್ದು ಇಲ್ಲೇ, ಶ್ರೀರಂಗಪಟ್ಟಣದ ಗುಂಬಜಿಗೆ ಒಯ್ದದ್ದು ಆಮೇಲೆ. ಮುಳಬಾಗಿಲಿನಲ್ಲಿ ಬಾಬಾ ಹೈದರ್ ವಲಿಯ ದರ್ಗಾ, ಊರ ಹೊರಗೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ಹೊಲದ ಬದುಗಳಲ್ಲಿ ವೀರಗಲ್ಲುಗಳು. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ತಮ್ಮ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವನ್ನು ಪೂರ್ತಿಯಾಗಿ ಕೋಲಾರ ಜಿಲ್ಲೆಗೇ ಕೊಟ್ಟರು, 1905ರಲ್ಲಿ ಅದು ಅಚ್ಚಾಯಿತು. ತಾಲ್ಲೂಕುವಾರಾಗಿ, ಊರುವಾರಾಗಿ, ಯಾವ ಕಲ್ಲು ಎಲ್ಲಿದೆ, ಅದರಲ್ಲಿ ಏನಿದೆ ಎಂದು ಒಂದೊಂದನ್ನೂ ನಮೂದಿಸಿದ ಗ್ರಂಥ. ಹಸು ಬಿಡಿಸಲು ಹೋಗಿ ಸತ್ತ ಸಾವಿರ ವರ್ಷದ ಹಿಂದಿನ ಗೌಡನ ಹೆಸರು ಹುಡುಕಿದರೆ ನಮಗೆ ಸಿಗುತ್ತದೆ. ಆ ರೈಸ್ ಕೂಡ ಬೆಂಗಳೂರಿನ ಲಂಡನ್ ಮಿಷನ್ ಪಾದ್ರಿಯೊಬ್ಬರ ಮಗ. ಆದರೆ ಆ ಪಾದ್ರಿಯ ಕಾಲದಲ್ಲೇ ಬರದಿಂದ ಉಳಿದು ಬಂದು, ಇದೇ ಜಿಲ್ಲೆಯ ಚರ್ಚಿನ ಹಿತ್ತಲಲ್ಲಿ ಮಲಗಿದ ಹೆಂಗಸಿನ ಹೆಸರನ್ನು ಯಾವ ಸಂಪುಟವೂ ಎತ್ತಿಕೊಳ್ಳಲಿಲ್ಲ.

ಎತ್ತಿಕೊಂಡದ್ದು ರಿಜಿಸ್ಟರ್ ಒಂದೇ. ದೀಕ್ಷಾಸ್ನಾನಕ್ಕೆ ಒಂದು, ಮದುವೆಗೆ ಒಂದು, ಮಣ್ಣಿಗೆ ಒಂದು. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನವರ ವಿಷಯದಲ್ಲಿ ಎಷ್ಟೋ ಸಲ ಇರುವ ಕಾಗದ ಇದೊಂದೇ. ಕಥೋಲಿಕರಿಗೆ ಒಂದು ಅನುಕೂಲ ಹೆಚ್ಚು. ಮದುವೆ ಎಲ್ಲೇ ನಡೆದರೂ ಅದನ್ನು ದೀಕ್ಷಾಸ್ನಾನವಾದ ಚರ್ಚಿಗೆ ತಿಳಿಸಿ, ಅಲ್ಲಿನ ಪುಸ್ತಕದ ಅಂಚಿನಲ್ಲಿ ಬರೆಸಬೇಕೆಂಬ ನಿಯಮ ಅವರಲ್ಲಿದೆ. ಒಂದು ಸಾಲು ಸಿಕ್ಕರೆ ಇನ್ನೊಂದು ಊರಿನ ಸುಳಿವು ಅದರ ಪಕ್ಕದಲ್ಲೇ ಇರುತ್ತದೆ. ಮೆಥೋಡಿಸ್ಟರಂಥ ಪ್ರಾಟೆಸ್ಟೆಂಟರು ಊರೂರು ಸುತ್ತಿಯೇ ಕೂಡಿಸಿಕೊಳ್ಳಬೇಕು. ಹಳೆಯ ಪುಟಗಳಲ್ಲಿ ಬೌರಿಂಗ್‌ಪೇಟೆ ಎಂದು ಕಂಡರೆ ಅದು ಇಂದಿನ ಬಂಗಾರಪೇಟೆ ಎಂಬುದು ತಿಳಿದಿರಬೇಕು. ಇಂಗ್ಲಿಷಿನಲ್ಲಿ ಬರೆದ ನಮ್ಮ ಹೆಸರುಗಳನ್ನು ಬಾಯಿಬಿಟ್ಟು ಓದಿ ನೋಡಬೇಕು. ಅಯ್ಯನವರುಗಳು ಬದಲಾಗುತ್ತಲೇ ಇರುವುದರಿಂದ ಬೀರುವಿನಲ್ಲಿರುವ ಪುಸ್ತಕಗಳಿಗೆ ಖಾಯಂ ಯಜಮಾನರಿಲ್ಲ. ಅವನ್ನು ಓದುವವರಿಗಿಂತ ಮುಂಚೆ ಗೆದ್ದಲು ಬರುತ್ತದೆ.

ಗೋರಿಕಲ್ಲುಗಳು ಹಾಳಾಗುವುದು ಇನ್ನೂ ಬೇಗ. ಹಳೆಯವರು ಇಲ್ಲಿನದೇ ಒರಟು ಕಲ್ಲಿನ ಮೇಲೆ ಹೆಸರು, ಎರಡು ತಾರೀಕು, ‘ಕರ್ತನಲ್ಲಿ ನಿದ್ರೆಹೋದರು’ ಎಂಬ ಒಂದು ಮಾತು ಕೆತ್ತಿಸಿದರು. ಬಡವರ ಗೋರಿಗೆ ಮಣ್ಣಿನ ದಿಬ್ಬ, ಮರದ ಶಿಲುಬೆ, ಅಷ್ಟೇ. ಎರಡು ಮಳೆಗಾಲಕ್ಕೆ ಗುರುತು ಹೋಯಿತು. ಜಾಗ ಸಾಲದಾದಾಗ ಹಳೆಯ ಗೋರಿಯ ಮೇಲೇ ಹೊಸದು ಬರುತ್ತದೆ. ಬೆಂಗಳೂರಿನ ಸಮಾಧಿ ಭೂಮಿಗಳಲ್ಲಿ ಇದು ಮಾಮೂಲು. ದುಡ್ಡಿರುವ ಮೊಮ್ಮಕ್ಕಳು ಬಂದು ಹಳೇ ಕಲ್ಲು ಕಿತ್ತು, ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನಲ್ಲಿ ಫೋಟೋ ಸಮೇತ ಹೊಸದನ್ನು ನಿಲ್ಲಿಸುವುದೂ ಉಂಟು. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಹಳೇ ಕಲ್ಲಿನ ಮೇಲಿದ್ದ ಹುಟ್ಟಿದೂರಿನ ಹೆಸರು ಹೊಸ ಕಲ್ಲಿಗೆ ಬಂತೇ ಎಂದು ಯಾರೂ ನೋಡುವುದಿಲ್ಲ. ಹಳೆಯದನ್ನು ದಯವಿಟ್ಟು ಕೀಳಬೇಡಿ, ಹೊಸದರ ಕಾಲ ಬುಡದಲ್ಲಾದರೂ ಒರಗಿಸಿಡಿ.

ಇಂಥ ಪ್ರಯಾಣದಲ್ಲಿ ಯಾರು ಜೊತೆಗಿದ್ದಾರೆ ಎಂಬುದು ಎಲ್ಲಕ್ಕಿಂತ ಮುಖ್ಯ. ಎಂಬತ್ತು ದಾಟಿದ ಸೋದರತ್ತೆ ಒಬ್ಬರು ಕಾರಿನಲ್ಲಿದ್ದರೆ ಹತ್ತು ರಿಜಿಸ್ಟರಿಗೆ ಸಮ. ಮನೆಯಲ್ಲಿ ಕೂರಿಸಿ ಕೇಳಿದರೆ ‘ನನಗೇನೂ ನೆನಪಿಲ್ಲ ಕಣಪ್ಪಾ’ ಎನ್ನುವವರು, ಶ್ರೀನಿವಾಸಪುರದ ಬಾವಿಕಟ್ಟೆ ಕಂಡ ಕೂಡಲೇ ಅಲ್ಲಿ ನೀರು ಸೇದುತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆಯತೊಡಗುತ್ತಾರೆ. ಕನ್ನಡದಲ್ಲಿ ಶುರುವಾದದ್ದು ತೆಲುಗಿಗೆ ಹೊರಳುತ್ತದೆ, ಅರ್ಧ ಗಂಟೆ ನಿಲ್ಲುವುದಿಲ್ಲ. ಅವರ ಕಾಲುನೋವಿನ ನೆಪ ಹೇಳಿ ಅವರನ್ನು ಬಿಟ್ಟು ಹೋಗುವುದು ದೊಡ್ಡ ನಷ್ಟ.

ಬೇಸಿಗೆ ರಜೆಯಲ್ಲಿ ಹೊರಡುವವರು ಕೆಲವು ಕೆಲಸ ಮಾಡಿ. ಹೋಗುವ ಮುಂಚೆ ಆಯಾ ಊರಿನ ಅಯ್ಯನವರಿಗೆ ಫೋನು ಮಾಡಿ, ಭಾನುವಾರದ ಆರಾಧನೆಯ ಹೊತ್ತಿಗೆ ತಲುಪಿ. ಬೀಗದ ಕೈಯೂ ಸಿಗುತ್ತದೆ, ಹಳಬರೂ ಸಿಗುತ್ತಾರೆ. ಕಲ್ಲನ್ನು ಆಸಿಡ್ಡಿನಿಂದಲೋ ತಂತಿ ಬ್ರಷ್ಷಿನಿಂದಲೋ ಉಜ್ಜಬೇಡಿ. ನೀರು, ಮೆತ್ತನೆಯ ಬ್ರಷ್ ಸಾಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ನಿಮ್ಮ ಅಜ್ಜಿಯ ಕಲ್ಲಿನ ಫೋಟೋ ತೆಗೆದಾದ ಮೇಲೆ ಅಕ್ಕಪಕ್ಕದ ಹತ್ತು ಕಲ್ಲುಗಳದ್ದೂ ತೆಗೆದುಕೊಳ್ಳಿ. ಅಲ್ಲಿ ಮಲಗಿದವರ ಮೊಮ್ಮಕ್ಕಳು ಇನ್ನೂ ಹೊರಟಿಲ್ಲದಿರಬಹುದು. ರಿಜಿಸ್ಟರಿನ ಪುಟಗಳ ಫೋಟೋವನ್ನು ಕೇಳಿಯೇ ತೆಗೆಯಿರಿ. ಎಲ್ಲಕ್ಕೂ ಎರಡು ಪ್ರತಿ ಮಾಡಿಸಿ, ಒಂದನ್ನು ಆ ಊರಿನ ಸಭೆಗೆ ಕೊಟ್ಟು ಬನ್ನಿ.