ದೇವರು ಕೊಟ್ಟ ಮಗು

ಮದುವೆಯಾಗಿ 23 ವರ್ಷ ಹಂಬಲಿಸಿದ ಮೇಲೆ, 1638ರಲ್ಲಿ ಫ್ರಾನ್ಸಿನ ರಾಣಿ ಆನ್ ಮಗನನ್ನು ಹೆತ್ತಳು. ಮುಂದೆ ಹದಿನಾಲ್ಕನೇ ಲೂಯಿ ಆದ ಆ ಮಗುವಿಗೆ ದ್ಯೂದೊನ್ನೆ, ಅಂದರೆ ದೇವರು ಕೊಟ್ಟವನು, ಎಂಬ ಹೆಸರೂ ಸೇರಿತು. ಸಿಂಹಾಸನಕ್ಕೆ ವಾರಸುದಾರ ಸಿಕ್ಕಾಗ ದೇವರನ್ನು ನೆನೆಯುವುದು ಸುಲಭ.

ನನ್ನನ್ನು ಕಾಡುವುದು ಅದೇ ಅರ್ಥದ ಲ್ಯಾಟಿನ್ ಹೆಸರು, ಅದೆಯೊದಾತುಸ್. ಸಂತ ಅಗಸ್ಟೀನನ ಮಗ, ಮದುವೆಯಾಗದ ಸಂಗಾತಿಯಲ್ಲಿ ಹುಟ್ಟಿದವನು. ಆಕೆಯ ಹೆಸರನ್ನೇ ಅಗಸ್ಟೀನ್ ಬರೆಯಲಿಲ್ಲ. ಅದು ನನಗೆ ಇಂದಿಗೂ ನೋವು. 387ರಲ್ಲಿ ಮಿಲಾನಿನಲ್ಲಿ ಅಪ್ಪ ಮಗ ಒಟ್ಟಿಗೆ ದೀಕ್ಷಾಸ್ನಾನ ಪಡೆದರು. ಹುಡುಗನ ಬುದ್ಧಿಗೆ ಅಪ್ಪ ಬೆರಗಾಗಿದ್ದ. ಹದಿಹರೆಯ ದಾಟುವ ಮೊದಲೇ ಅವನು ತೀರಿಕೊಂಡ.

ನನ್ನ ಮಗಳನ್ನು ಮಣ್ಣು ಮಾಡಿದ ದಿನ ನೆಂಟರು, ‘ಕೊಟ್ಟವನೇ ಕರಕೊಂಡ ಬಿಡಮ್ಮ’ ಎಂದರು. ಕೊಟ್ಟದ್ದನ್ನು ಪೂರ್ತಿ ನಂಬುತ್ತೇನೆ. ಜ್ವರ ಒಯ್ದದ್ದನ್ನು ದೇವರ ಲೆಕ್ಕಕ್ಕೆ ಬರೆಯಲಾರೆ.