ಕಲಿಯೋಕೆ ಬಂದವರಿಗೆ ಕೂಲಿ ಯಾಕೆ?

ಹೋದ ಬೇಸಿಗೆಯ ಒಂದು ಭಾನುವಾರ ನಮ್ಮ ಓದು ಕೂಟಕ್ಕೆ ಹಾಸ್ಟೆಲಿನ ಹುಡುಗಿಯೊಬ್ಬಳು ಕಾಗದ ಹಿಡಿದು ಬಂದಳು. ಕೊಳ್ಳೇಗಾಲದ ಕಡೆಯವಳು, ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದಿದ್ದಳು. ಬೆಂಗಳೂರಿನ ಒಂದು ಸಂಸ್ಥೆ ಮೂರು ತಿಂಗಳ ಪ್ರಾಜೆಕ್ಟಿಗೆ ಅವಳನ್ನು ಇಂಟರ್ನ್ ಆಗಿ ತೆಗೆದುಕೊಂಡಿತ್ತು. ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡು. ಊಟ, ವಸತಿ ಅವಳದೇ. ಮೂವರು ಮಲಗುವ ಪೀಜಿ ರೂಮಿಗೆ 7,000, ಮುಂಗಡ ಬೇರೆ. ಬಸ್ಸು ಶಕ್ತಿ ಯೋಜನೆಯದು, ಅಷ್ಟು ಪುಣ್ಯ.

‘ಅಣ್ಣ, ಹೋಗ್ಲಾ, ಬ್ಯಾಡ್ವಾ?’

ನಾವು ಏಳು ಜನ ಇದ್ದೆವು. ಇದು ಹಗಲುದರೋಡೆ, ಹೋಗಕೂಡದು ಅಂದರು ಕೆಲವರು. ಮೇಲ್ಜಾತಿಯ ಮಕ್ಕಳು ಇಂಥ ಏಣಿಗಳನ್ನು ಹತ್ತಿಯೇ ಮೇಲೆ ಹೋಗಿರುವುದು, ನಾವು ಮಾತ್ರ ಕೆಳಗೆ ನಿಂತು ಏಣಿಯ ಗುಣದೋಷ ಹೇಳ್ತಾ ಇದೀವಿ ಅಂದರು ಇನ್ನು ಕೆಲವರು. ಒಂದು ಗಂಟೆ ವಾದ ನಡೆಯಿತು. ಕೊನೆಗೆ ‘ಬೇಡ’ ಅನ್ನುವವರೇ ಹೆಚ್ಚಾದರು. ಆ ಹುಡುಗಿ ಎಲ್ಲ ಕೇಳಿಸಿಕೊಂಡು, ‘ಸರಿ ಬುಡಿ. ಈ ಮೂರು ತಿಂಗ್ಳು ನಾನು ಏನ್ ಮಾಡ್ಲಿ ಅಂತಾನೂ ನೀವೇ ಹೇಳ್ಬುಡಿ’ ಅಂದಳು.

ಏಳರಲ್ಲಿ ಐವರು ಸರ್ಕಾರದ ಸಂಬಳ ಎಣಿಸುವವರು. ಯಾರೂ ಬಾಯಿ ಬಿಡಲಿಲ್ಲ. ಅವತ್ತು ಆಡಲಾಗದ್ದನ್ನು ಇವತ್ತು ಬರೆಯಲು ಕೂತಿದ್ದೇವೆ.

ಕಲಿಯೋಕೆ ಬಂದವರಿಗೆ ಕೂಲಿ ಯಾಕೆ ಅನ್ನುವುದು ಧಣಿಗಳ ಹಳೆಯ ಮಾತು. ಅದರಲ್ಲಿ ಒಂದು ಚೂರು ನಿಜ ಇದೆ, ಅದನ್ನು ಒಪ್ಪಿಕೊಂಡೇ ಮಾತಾಡೋಣ. ಕಲಿಯುವವನು ಕೆಲಸ ಕೆಡಿಸುತ್ತಾನೆ, ಬಲ್ಲವನ ಹೊತ್ತು ತಿನ್ನುತ್ತಾನೆ. ನಮ್ಮೂರ ಗ್ಯಾರೇಜುಗಳಲ್ಲಿ ನೋಡಿ. ಮೊದಲ ತಿಂಗಳು ಹುಡುಗ ಸ್ಪ್ಯಾನರು ಎತ್ತಿಕೊಡುತ್ತಾನೆ, ಟೀ ತರುತ್ತಾನೆ, ಬೈಸಿಕೊಳ್ಳುತ್ತಾನೆ. ಮೂರನೇ ತಿಂಗಳಿಗೆ ಅವನೇ ಪಂಚರ್ ಹಾಕುತ್ತಾನೆ. ಗಿರಾಕಿ ಕೊಡುವುದು ಪೂರ್ತಿ ಕಾಸು, ಆ ಕಾಸು ಹೋಗುವುದು ಓನರ್ ಜೇಬಿಗೆ. ಹುಡುಗನಿಗೇನು ಕೊಡ್ತೀಯಪ್ಪ ಅಂದರೆ, ‘ಇನ್ನೂ ಕಲೀತಾವ್ನೆ ಸಾ’. ಕಲಿಕೆ ಮುಗಿದು ದುಡಿಮೆ ಶುರುವಾಗುವ ದಿನ ಯಾವುದು? ಅದನ್ನು ಗೊತ್ತು ಮಾಡುವ ಹಕ್ಕು ಲಾಭ ತಿನ್ನುವವನ ಕೈಯಲ್ಲೇ ಇರುವ ತನಕ ಆ ದಿನ ಬರುವುದಿಲ್ಲ. ಗಾಜಿನ ಕಟ್ಟಡದಲ್ಲಿ ಎ.ಸಿ. ಹಾಕಿ ಕೂರಿಸಿದರೂ ಲೆಕ್ಕ ಇದೇ.

ಕಾನೂನು ಏನನ್ನುತ್ತದೆ? 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮು ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಅನ್ನುತ್ತದೆ. ಸುರಕ್ಷತೆಯಂಥ ಕೆಲವನ್ನು ಬಿಟ್ಟರೆ ಕಾರ್ಮಿಕ ಕಾನೂನುಗಳು ಅವನಿಗಿಲ್ಲ. ಆದರೂ ಒಪ್ಪಂದ ನೋಂದಾಯಿಸಿದ ಅಪ್ರೆಂಟಿಸ್‌ಗೆ ಕನಿಷ್ಠ ಸ್ಟೈಪೆಂಡು ಅಂತ ಒಂದು ಗೆರೆಯಾದರೂ ಇದೆ. ನಮ್ಮ ಹುಡುಗಿಯಂಥ ಇಂಟರ್ನ್‌ಗೆ ಅದೂ ಇಲ್ಲ. ಇನ್ನೊಂದು ಕಡೆ 1982ರಲ್ಲಿ, ದಿಲ್ಲಿಯ ಏಷ್ಯಾಡ್ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ದೊಡ್ಡ ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ. ಬಡತನದ ಒತ್ತಡವೂ ಬಲವಂತವೇ ಎಂದಿತು. ಯಾರೂ ಕತ್ತು ಹಿಡಿದು ತಳ್ಳಬೇಕಾಗಿಲ್ಲ, ಹಸಿವೇ ತಳ್ಳುತ್ತದೆ. ಕಲ್ಲು ಹೊರುವವಳಿಗೆ ಸಲ್ಲುವ ಈ ನ್ಯಾಯ ಅವಳ ಮಗಳು ಕಂಪ್ಯೂಟರ್ ಮುಂದೆ ಕೂತ ಕೂಡಲೇ ಯಾಕೆ ಸಲ್ಲುವುದಿಲ್ಲ?

ಇಂಟರ್ನ್‌ಶಿಪ್ ಅನ್ನು ಜೀತ ಅಂತ ಕರೆಯಲು ನಾವು ತಯಾರಿಲ್ಲ. ನಮ್ಮ ಹುಡುಗಿ ಮೂರನೇ ದಿನ ಬೇಕಾದರೆ ಗಂಟುಮೂಟೆ ಕಟ್ಟಿ ಬರಬಹುದು. ಜೀತಕ್ಕಿದ್ದ ನಮ್ಮ ಅಜ್ಜಂದಿರಿಗೆ ಆ ದಾರಿ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅವರಿಗೆ ಅವಮಾನ. ಆದರೆ ‘ಹಟ್ಟಿ ಹೈದ ನಮ್ಮನೇಲಿ ಇರ್ಲಿ, ಉಂಡ್ಕೊಂಡು ಕೆಲ್ಸ ಕಲೀಲಿ’ ಅನ್ನುತ್ತಿದ್ದ ಗೌಡರ ದನಿ ಕೇಳಿದ ಕಿವಿಗಳು ಇನ್ನೂ ನಮ್ಮ ಕೇರಿಗಳಲ್ಲಿವೆ.

2024ರ ಕೇಂದ್ರ ಬಜೆಟ್ಟಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಂತು. 5 ವರ್ಷದಲ್ಲಿ ದೇಶದ 500 ದೊಡ್ಡ ಕಂಪನಿಗಳಲ್ಲಿ 1 ಕೋಟಿ ಯುವಕರಿಗೆ ಅವಕಾಶ ಎಂದರು. ಒಂದು ವರ್ಷದ ಅವಧಿ. ಆಗ ಗೊತ್ತು ಮಾಡಿದ್ದು ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಂದು ಸಲಕ್ಕೆ 6,000. ಆ 5,000ದಲ್ಲಿ ಸರ್ಕಾರದ್ದು 4,500, ಕಂಪನಿಯದು 500. ಮೊದಲ ಸುತ್ತಿನಲ್ಲಿ ಸುಮಾರು 28,000 ಮಂದಿ ಒಪ್ಪಿದರು, ಸೇರಿದವರು 8,700ರಷ್ಟು. ಹುಡುಗರಿಗೆ ಆಸಕ್ತಿಯಿಲ್ಲ ಅಂದರು ಕೆಲವು ದೊಡ್ಡವರು. ಅವರು ಒಂದು ಲೆಕ್ಕ ಹಾಕಲಿ. ಅದೇ 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ. ಪದವೀಧರ ಮಗಳ ಒಂದು ತಿಂಗಳು ಮಣ್ಣು ಹೊರುವ ತಾಯಿಯ ಹದಿನೈದು ದಿನಕ್ಕೂ ಸಮ ಬರಲಿಲ್ಲ! ಕಂಪನಿ ಕೊಟ್ಟ 500 ತಾಯಿಯ ಎರಡು ದಿನದ ಕೂಲಿಗೂ ಕಡಿಮೆ. ದೂರದ ಊರು, ಬಾಡಿಗೆ ಮನೆ, ಕೈಗೆ 5,000. ಮಿಕ್ಕಿದ್ದನ್ನು ಯಾರು ತುಂಬಬೇಕು? ಮನೆ ತುಂಬಬೇಕು. ಅಲ್ಲಿಗೆ ಆ ತಾಯಿ ತನ್ನ ಬೆವರಿನ ಕಾಸಿನಲ್ಲಿ ದೇಶದ ದೊಡ್ಡ ಕಂಪನಿಯೊಂದಕ್ಕೆ ಆಳು ಒದಗಿಸಿದ ಹಾಗಾಯಿತು.

ಜಯನಗರದ ಮನೆಯಿಂದ ಹೊರಟು ಸಂಜೆ ಅಮ್ಮನ ಕೈಯಡಿಗೆಗೆ ವಾಪಸಾಗುವ ಹುಡುಗನಿಗೆ 8,000 ಅಂದರೆ ಕೈಖರ್ಚು. ನಮ್ಮ ಹುಡುಗಿಗೆ ಅದು ಮನೆಗೆ ಹೊರಿಸುವ ಸಾಲ. ಇಬ್ಬರಿಗೂ ಸಮನಾಗಿ ಕೊಟ್ಟಿದ್ದೇವೆ ಅಂತ ಸಂಸ್ಥೆ ಹೇಳಬಹುದು, ಸುಳ್ಳೂ ಅಲ್ಲ. ಹಿಂದೆ ಯಾರೂ ದಿಕ್ಕಿಲ್ಲದವನು ಬಂದು ಅಷ್ಟರಲ್ಲೇ ಉಂಡು, ಮಲಗಿ, ಕಲಿಯಬಹುದೇ? ಸ್ಟೈಪೆಂಡು ನ್ಯಾಯವೋ ಅನ್ಯಾಯವೋ ಅಂತ ಅಳೆಯಲು ನಮಗೆ ತೋಚುವ ಅಳತೆಗೋಲು ಇದೊಂದೇ. 1913ರಲ್ಲಿ ಬರೋಡದ ಮಹಾರಾಜರು ಬಾಬಾಸಾಹೇಬರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ 3 ವರ್ಷಕ್ಕೆ ವಿದ್ಯಾರ್ಥಿವೇತನ ಕೊಟ್ಟರು. ಅದರಿಂದ ಅವರು ಅಮೆರಿಕದಲ್ಲಿ ಓದಿದರು. ಆದರೆ 1917ರಲ್ಲಿ ಕೆಲಸಕ್ಕೆಂದು ಬರೋಡಕ್ಕೆ ಬಂದಾಗ ತಂಗಲು ಒಂದು ಕೋಣೆ ಸಿಗಲಿಲ್ಲ, ಪಾರ್ಸಿ ವಸತಿಗೃಹದಿಂದಲೂ ಹೊರದಬ್ಬಿದರು. ಇವತ್ತು ರೂಮು ಕೇಳಲು ಹೋದಾಗ ‘ನೀವು ವೆಜ್ಜಾ?’ ಅಂತ ಕೇಳುವ ಬಾಯಿಗೆ ಬೇಕಾಗಿರುವ ಉತ್ತರ ಯಾವುದು ಅಂತ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ನೇರವಾಗಿ ನಡೆಯುವಂಥವೂ ಇವೆ, ಅದನ್ನು ಮರೆಮಾಚಬಾರದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸಿಕೊಂಡು ಬಂದಿರುವ ಬೇಸಿಗೆ ಫೆಲೋಶಿಪ್ ಎರಡು ತಿಂಗಳದು. ಭತ್ಯೆಯ ಜೊತೆ ಹೋಗಿಬರುವ ರೈಲಿನ ಖರ್ಚೂ ಕೊಡುತ್ತಾರೆ. ಅಧ್ಯಾಪಕರೂ ಅರ್ಜಿ ಹಾಕಬಹುದು. ಅದಕ್ಕೆ ಮೇಷ್ಟ್ರೊಬ್ಬರ ಶಿಫಾರಸು ಪತ್ರ ಬೇಕು. ಈ ಪತ್ರಿಕೆ ಓದುವ ಮೇಷ್ಟ್ರುಗಳೇ, ನಮ್ಮಲ್ಲಿ ಎಷ್ಟು ಜನ ಒಂದು ಹಾಸ್ಟೆಲ್ ಮಗುವಿಗೆ ಅಂಥ ಪತ್ರ ಬರೆದುಕೊಟ್ಟಿದ್ದೇವೆ? ಬೀದಿಯಲ್ಲಿ ಘೋಷಣೆ ಕೂಗಿದಷ್ಟು ಸಲೀಸಾಗಿ ಒಂದು ಪುಟ ಬರೆಯಲಿಲ್ಲ ನಾವು.

ಹುಡುಗಿ ಹೋದಳು. ನಮ್ಮ ಮಾತು ಕೇಳಲಿಲ್ಲ. ಕೇಳದೇ ಇದ್ದದ್ದು ಸರಿಯೋ ತಪ್ಪೋ ಅನ್ನುವುದರಲ್ಲಿ ನಾವು ಇವತ್ತಿಗೂ ಎರಡು ಹೋಳು. ಹಳ್ಳಿ ಹೆಂಗಸರ ಆರೋಗ್ಯದ ಮೇಲೆ ಒಂದು ಅಧ್ಯಯನ. ಮೊದಲ ಎರಡು ವಾರ ನಿಜವಾಗಿಯೂ ಕಲಿಸಿದರಂತೆ, ಪಟ್ಟಿ ಮಾಡುವುದು, ಅಂಕಿ ಜೋಡಿಸುವುದು. ಆಮೇಲೆ ರೆಕಾರ್ಡು ಮಾಡಿದ ಮಾತುಗಳು ಬಂದವು. ಚಾಮರಾಜನಗರದ ಸೀಮೆಯ ಹೆಂಗಸರ ಮಾತು. ಆಫೀಸಿನಲ್ಲಿ ಯಾರಿಗೂ ಬಿಡಿಸಲಾಗಲಿಲ್ಲ. ‘ನಮ್ಮವ್ವ ಮಾತಾಡ್ದಂಗೇ ಇತ್ತಣ್ಣ. ಎಲ್ಲಿ ಸುಮ್ಕಾಗ್ತಾರೆ, ಯಾಕ್ ಸುಮ್ಕಾಗ್ತಾರೆ, ಎಲ್ಲಾ ನಾನೇ ಹೇಳ್ಕೊಟ್ಟೆ’ ಅಂದಳು. ಕೂತು ಕೇಳಿ, ಬರೆದು, ಇಂಗ್ಲಿಷಿಗೆ ತಂದಳು. ಭಾನುವಾರಗಳೂ ಹೋದವು.

ಆ ಎರಡೂವರೆ ತಿಂಗಳು ಯಾರು ಯಾರಿಗೆ ಕಲಿಸಿದರು? ಮೇಲಿನವರು ಪದವಿಗಳನ್ನು ಹೊತ್ತವರು, ಅವರಿಗೆ ಸಂಬಳ. ಕೇರಿಯಿಂದ ಹೊತ್ತು ತಂದ ತಿಳಿವಳಿಕೆಗೆ ಕೂಲಿಯಿಲ್ಲ, ಯಾಕೆಂದರೆ ಅದನ್ನು ತಂದವಳು ಕಲಿಯೋಕೆ ಬಂದವಳು. ವರದಿ ಅಚ್ಚಾಗಿದೆ. ಅವಳ ಹೆಸರು ಅದರಲ್ಲಿಲ್ಲ. ಸರ್ಟಿಫಿಕೇಟು ಈಮೇಲಿನಲ್ಲಿ ಬಂತು, ಅದರಲ್ಲಿ ಹೆಸರಿನ ಅಕ್ಷರ ತಪ್ಪು.

ಮೂರು ತಿಂಗಳೂ ಅವಳ ತಾಯಿ ತಿಂಗಳಿಗೆ 2,000 ಕಳಿಸಿದ್ದರು. ಈಗ ಅವಳಿಗೆ ಮೈಸೂರಿನಲ್ಲಿ ಒಂದು ಸಣ್ಣ ಕೆಲಸ ಸಿಕ್ಕಿದೆ. ಆ ಮೂರು ತಿಂಗಳ ಅನುಭವ ನೋಡಿಯೇ ಕೊಟ್ಟರು ಅನ್ನುತ್ತಾಳೆ. ಇದನ್ನೂ ಬರೆಯದೆ ಬಿಟ್ಟರೆ ನಾವು ಪ್ರಾಮಾಣಿಕರಲ್ಲ.

ಹೋದ ವಾರ ಅವಳ ಜೂನಿಯರ್ ಇಬ್ಬರು ಅಂಥದೇ ಕಾಗದ ತಂದರು. ಈ ಸಲ ಹೋಗು, ಬೇಡ ಅಂತ ನಾವು ಹೇಳಲಿಲ್ಲ. ಕೆಲಸದ ಹೊತ್ತು ಎಷ್ಟು, ಭಾನುವಾರ ರಜೆಯೋ, ವರದಿಯಲ್ಲಿ ಹೆಸರು ಹಾಕುತ್ತಾರೋ ಅಂತ ಅವರಿಂದಲೇ ಕಾಗದ ಬರೆಸಿದೆವು. ಇಂಗ್ಲಿಷು ತಿದ್ದಿದವಳು ಅವಳೇ. ಪೀಜಿ ಮುಂಗಡಕ್ಕೆ ಒಂದು ಡಬ್ಬಿ ಇಟ್ಟಿದ್ದೇವೆ, ಐದು ಸಂಬಳದವರಿಂದ 7,500 ಬಂದಿದೆ. ಒಬ್ಬಳಿಗೆ ಆಗುತ್ತದೆ. ಇನ್ನೊಬ್ಬಳದು ಬಾಕಿ ಇದೆ.