ಕಪಿಲೆಯ ನೀರೂ ನೆರೆಯವನ ಪ್ರಾಣವೂ

ವಾಂತಿಭೇದಿಯು ಹಬ್ಬಿದಾಗ, ‘ಕಾಯುವವನು ದೇವರಾಗಿರಲು ನೀರನ್ನು ಕುದಿಸುವದು ಅಪನಂಬಿಕೆಯಲ್ಲವೋ?’ ಎಂದು ಕೆಲವರು ಕೇಳುವದುಂಟು. ಹಿಜ್ಕೀಯನು ಬದುಕುವನೆಂಬ ದೇವರ ಮಾತನ್ನು ತಂದ ಯೆಶಾಯನೇ ಅವನ ಹುಣ್ಣಿಗೆ ಅಂಜೂರದ ಮುದ್ದೆಯನ್ನು ಕಟ್ಟಿಸಲಿಲ್ಲವೋ?

ಕಪಿಲೆಯು ನಂಜನಗೂಡನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಮೇಲಿನ ಊರಿನವರು ಹೊಳೆಗೆ ಬಿಟ್ಟ ಹೊಲಸು ಕೆಳಗಿನ ಊರಿನವರ ಕೊಡಕ್ಕೆ ಬರಬಹುದು. ನೀರು ತಿಳಿಯಾಗಿ ಕಂಡರೂ ಕಣ್ಣಿಗೆ ಕಾಣದ ರೋಗಾಣುಗಳು ಅದರಲ್ಲಿರಬಹುದು. ನೀರು ಚೆನ್ನಾಗಿ ಕುದಿದರೆ ವಾಂತಿಭೇದಿಯ ರೋಗಾಣುಗಳು ಸಾಯುತ್ತವೆ.

ನೀರಿನಿಂದಲೇ ಈ ರೋಗವು ಹರಡುವದೆಂಬದನ್ನು ಮೊದಮೊದಲು ಅನೇಕರು ಒಪ್ಪಲಿಲ್ಲ. 1854ರಲ್ಲಿ ಲಂಡನ್ ಪಟ್ಟಣದ ಒಂದು ಭಾಗದಲ್ಲಿ 600ಕ್ಕಿಂತ ಹೆಚ್ಚು ಜನರು ಸತ್ತಾಗ, ಅಲ್ಲಿಯ ಒಂದು ಬಾವಿಯ ನೀರೇ ಕಾರಣವೆಂದು ವೈದ್ಯನಾದ ಜಾನ್ ಸ್ನೋ ಹೇಳಿದನು. ಅಲ್ಲಿಯ ಸಹಾಯಕ ಸಭಾಪಾಲಕನಾದ ಹೆನ್ರಿ ವೈಟ್‌ಹೆಡ್ ಅದನ್ನು ನಂಬಲಿಲ್ಲ. ಆದರೂ ಅವನು ಮನೆಮನೆಗೆ ಹೋಗಿ, ದುಃಖಿತರನ್ನು ಕಂಡು ವಿಚಾರಿಸಿದನು. ರೋಗದಿಂದ ಸತ್ತ ಒಂದು ಕೂಸಿನ ಬಟ್ಟೆ ಒಗೆದ ನೀರು ಬಾವಿಯ ಬಳಿಯ ಗುಂಡಿಗೆ ಬಿದ್ದಿತ್ತೆಂದು ತಿಳಿದು, ವೈದ್ಯನ ಮಾತೇ ನಿಜವೆಂದು ಒಪ್ಪಿದನು.

ವಿಜ್ಞಾನವು ರೋಗ ಬರುವ ದಾರಿಯನ್ನು ತೋರಿಸುತ್ತದೆ. ನೆರೆಯವನಿಗೋಸ್ಕರ ಆ ದಾರಿಯನ್ನು ಮುಚ್ಚುವ ಮನಸ್ಸನ್ನು ಅದು ಕೊಡಲಾರದು. ಅದು ವಿಶ್ವಾಸದ ಕೆಲಸ. ಆದದರಿಂದ ಪ್ರಾರ್ಥಿಸೋಣ, ನೀರನ್ನೂ ಕುದಿಸೋಣ. ತನ್ನ ನೀರನ್ನು ಮಾತ್ರ ಕುದಿಸಿ ಹೊಳೆಯನ್ನು ಹೊಲಸುಮಾಡುವವನು ಜಾಣನಾಗಿರಬಹುದು, ವಿಶ್ವಾಸಿಯಲ್ಲ.